ಕೊಡದೆ ತಂದ ಕೊಡೆ

ಆಷಾಢದ ಮಳೆ ಹಿಡಿದ ಮೇಲೆ ಬಂದ ಅಂಚೆಯಲ್ಲಿ, ಅಂಗಡಿಯಿಂದ ಹಣ ಕೊಡಲು ಮರೆತು ತಂದ ಕೊಡೆಯೊಂದರ ಕುರಿತ ಪತ್ರವಿತ್ತು. ಅದನ್ನು ಓದುವಾಗ ಇದೇ ಜಾತಿಯ ಇನ್ನೂ ಕೆಲವು ಪತ್ರಗಳು ನನ್ನ ಕಟ್ಟಿನಲ್ಲಿ ಉತ್ತರ ಕಾಣದೆ ಉಳಿದಿರುವುದು ನೆನಪಾಗಿ, ಈ ಸಂಚಿಕೆಯಲ್ಲಿ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಹೆಸರುಗಳನ್ನೂ ಅಂಗಡಿಗಳ ಹೆಸರುಗಳನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 58 ವರ್ಷ. ನಮ್ಮ ಮನೆ ತೀರ್ಥಹಳ್ಳಿಯಿಂದ ಎಂಟು ಕಿಲೋಮೀಟರ್ ಒಳಗಿದೆ. ಮೊಮ್ಮಗಳ ನಾಮಕರಣಕ್ಕೆ ಬಟ್ಟೆ ತರಲೆಂದು ಶಿವಮೊಗ್ಗದ ಒಂದು ದೊಡ್ಡ ಮಳಿಗೆಗೆ ಹೋಗಿದ್ದೆ. ನೀರು ಸೋರುವ ಕೊಡೆಗಳನ್ನು ಇಡಲು ಬಾಗಿಲಲ್ಲೇ ಬಕೆಟ್ ಇಟ್ಟಿದ್ದರು. ನನ್ನ ಹಳೆಯ ಕೊಡೆಯನ್ನು ಅದರಲ್ಲಿ ಹಾಕಿ ಒಳಗೆ ಹೋದೆ. ಬಟ್ಟೆ ನೋಡುತ್ತಾ ಹೋಗುವಾಗ, ಹಿಡಿ ಬಾಗಿದ ಉದ್ದನೆಯ ಒಂದು ಕೊಡೆ ಮನಸ್ಸಿಗೆ ಬಂತು. ಎರಡೂ ಕೈ ಬೇಕಾಗಿದ್ದರಿಂದ ಅದನ್ನು ಮೊಣಕೈಗೆ ಸಿಕ್ಕಿಸಿಕೊಂಡೆ. ಬಟ್ಟೆಗೆ ಬಿಲ್ಲು ಮಾಡಿಸಿ, 2,340 ರೂಪಾಯಿ ಕೊಟ್ಟು, ಬಸ್ಸಿನ ಹೊತ್ತಾಯಿತೆಂದು ಓಡಿದೆ. ಗಾಜನೂರು, ಮಂಡಗದ್ದೆ ದಾಟುವಾಗಲೂ ಅದು ನನ್ನದೇ ಕೊಡೆಯೆಂದು ಕಾಲ ಬಳಿ ಒರಗಿಸಿಕೊಂಡಿದ್ದೆ. ತೀರ್ಥಹಳ್ಳಿಯಲ್ಲಿ ಇಳಿದು ಬಿಚ್ಚಿದಾಗ ಕಡ್ಡಿಯಿಂದ 649 ರೂಪಾಯಿಯ ಚೀಟಿ ನೇತಾಡಿತು. ಸೊಸೆ, "ಅಷ್ಟು ದೊಡ್ಡ ಅಂಗಡಿಗೆ ಇದೊಂದು ಲೆಕ್ಕವೇ ಅತ್ತೆ" ಎನ್ನುತ್ತಾಳೆ. ಮಗ, "ಈಗ ಹೋಗಿ ಹೇಳಿದರೆ ಕ್ಯಾಮೆರಾ ನೋಡಿ ಕಳ್ಳತನದ ಕೇಸು ಹಾಕುತ್ತಾರೆ, ಸುಮ್ಮನಿರಮ್ಮ" ಎನ್ನುತ್ತಾನೆ. ನಮ್ಮ ಯಜಮಾನರು, ಸಿಗಂದೂರಿಗೆ ಹೋದಾಗ ಅಷ್ಟು ಹಣವನ್ನು ಹುಂಡಿಗೆ ಹಾಕಿದರೆ ಮುಗಿಯಿತು ಎನ್ನುತ್ತಾರೆ. ಹನ್ನೆರಡು ದಿನವಾಯಿತು, ಕೊಡೆ ಜಗಲಿಯ ಮೂಲೆಯಲ್ಲಿದೆ. ನಾನು ಕಳ್ಳಿಯಾದೆನೇ?
— ಓದುಗಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಆಗಿಲ್ಲ. ಕಳ್ಳತನವೆನಿಸಬೇಕಾದರೆ ಬೇರೆಯವರ ವಶದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ ಒಯ್ದರಷ್ಟೇ ಸಾಲದು, ಅಪ್ರಾಮಾಣಿಕವಾಗಿ ಒಯ್ಯುವ ಉದ್ದೇಶವೂ ಇರಬೇಕು. 1860ರ ಭಾರತೀಯ ದಂಡ ಸಂಹಿತೆಯ 378ನೆಯ ಕಲಂ ಹೀಗೇ ಹೇಳುತ್ತಿತ್ತು; 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಂ ಕೂಡ ಹೀಗೇ ಹೇಳುತ್ತದೆ. ಬಾಗಿಲು ದಾಟುವಾಗ ನಿಮ್ಮ ಮನಸ್ಸಿನಲ್ಲಿದ್ದುದು ತೀರ್ಥಹಳ್ಳಿಯ ಬಸ್ಸು ಮಾತ್ರ. ಅದಕ್ಕೆ ಸಾಕ್ಷಿಯನ್ನೂ ನೀವು ಅಲ್ಲೇ ಬಿಟ್ಟು ಬಂದಿದ್ದೀರಿ: ಹೊಸ ಕೊಡೆಯನ್ನು ಹಾರಿಸಬೇಕೆಂದು ಬಂದವರು ತಮ್ಮ ಹಳೆಯ ಕೊಡೆಯನ್ನು ಬಾಗಿಲ ಬಕೆಟ್ಟಿನಲ್ಲಿ ಮರೆತು, ಧೋ ಎಂದು ಸುರಿಯುವ ಮಳೆಯಲ್ಲಿ ಓಡುವುದಿಲ್ಲ.

ಆದರೆ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ನಿಮ್ಮ ಮನೆಯ ಮೂವರೂ ಬಾಗಿಲು ದಾಟಿದ ಗಳಿಗೆಯನ್ನೇ ನೋಡುತ್ತಿದ್ದಾರೆ. ಕಾನೂನು ಚೀಟಿ ನೇತಾಡಿದ ಗಳಿಗೆಯನ್ನೂ ನೋಡುತ್ತದೆ. ಅದೇ ಸಂಹಿತೆಯ 314ನೆಯ ಕಲಂ ಸ್ವತ್ತಿನ ಅಪ್ರಾಮಾಣಿಕ ದುರ್ವಿನಿಯೋಗಕ್ಕೆ ಸಂಬಂಧಿಸಿದ್ದು. ಅದಕ್ಕೆ ಕೊಟ್ಟಿರುವ ಮೊದಲ ಉದಾಹರಣೆ ನಿಮ್ಮ ಕೊಡೆಗಾಗಿಯೇ ಬರೆದಂತಿದೆ: ಬೇರೆಯವರ ವಸ್ತುವನ್ನು ತನ್ನದೆಂದು ಸದ್ಭಾವನೆಯಿಂದ ನಂಬಿ ತೆಗೆದುಕೊಂಡವನು ಕಳ್ಳನಲ್ಲ, ಆದರೆ ತಪ್ಪು ತಿಳಿದ ಮೇಲೂ ಅದನ್ನು ಅಪ್ರಾಮಾಣಿಕವಾಗಿ ತನ್ನ ಉಪಯೋಗಕ್ಕೆ ಇಟ್ಟುಕೊಂಡರೆ ಈ ಕಲಮಿನ ಅಪರಾಧಿ. ಇಲ್ಲೊಂದು ವಿಚಿತ್ರವಿದೆ, ವಕೀಲಿ ಚಪಲಕ್ಕೆ ಹೇಳಿಬಿಡುತ್ತೇನೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದವನು ಮೊದಲ ಬಾರಿ ಶಿಕ್ಷೆಗೊಳಗಾಗುತ್ತಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಹೊಸ ಸಂಹಿತೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆಯನ್ನು ಮಾತ್ರ ವಿಧಿಸುತ್ತದೆ. ದುರ್ವಿನಿಯೋಗಕ್ಕಾದರೋ ಕನಿಷ್ಠ ಆರು ತಿಂಗಳಿಂದ ಎರಡು ವರ್ಷದವರೆಗಿನ ಸೆರೆವಾಸ ಮತ್ತು ದಂಡವೆಂದು ಬರೆದಿದೆ. ಕದ್ದು ಹಿಂದಿರುಗಿಸಿದವನಿಗಿಂತ, ಮರೆತು ತಂದು ಬೇಕೆಂದೇ ಇಟ್ಟುಕೊಂಡವನ ಪಾಡು ಕಾಗದದ ಮೇಲೆ ಕಷ್ಟದ್ದಾಗಿದೆ. 649 ರೂಪಾಯಿಯ ಕೊಡೆಗಾಗಿ ಯಾರೂ ನಿಮ್ಮನ್ನು ನ್ಯಾಯಾಲಯಕ್ಕೆ ಎಳೆಯುವುದಿಲ್ಲ, ಹೆದರಬೇಡಿ. ಹನ್ನೆರಡು ದಿನ ತೊಳಲಾಡಿದ್ದು ಅಪ್ರಾಮಾಣಿಕತೆಯೂ ಅಲ್ಲ. ನಿಮ್ಮ ಮಗ 'ಸುಮ್ಮನಿರು' ಎಂದು ಕೊಟ್ಟ ಸಲಹೆ ಮಾತ್ರ ಅವರು ಅಂದುಕೊಂಡಷ್ಟು ಕ್ಷೇಮದ್ದಲ್ಲ.

ಕ್ಯಾಮೆರಾದ ಮಾತಿಗೆ ಬಂದರೆ, ಅದು ನಿಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಕೊಡೆಯನ್ನು ಸೆರಗಿನಡಿ ಮುಚ್ಚದೆ, ಎಲ್ಲರಿಗೂ ಕಾಣುವಂತೆ ಮೊಣಕೈಗೆ ನೇತುಹಾಕಿಕೊಂಡು, ಬಿಲ್ಲು ಮಾಡುವವರ ಎದುರಿಗೇ ನಿಂತು ಹಣ ಎಣಿಸಿದ ಹೆಂಗಸು ಅದರಲ್ಲಿ ಕಾಣುತ್ತಾಳೆ. ಅವರ ಕಣ್ಣಿಗೂ ಅದು ಗಿರಾಕಿಯ ಸ್ವಂತ ಕೊಡೆಯೆಂದೇ ಕಂಡಿರಬೇಕು. ಮಳೆಗಾಲದ ಮಲೆನಾಡಿನಲ್ಲಿ ಕೈಯಲ್ಲಿ ಕೊಡೆಯಿಲ್ಲದವರೇ ಎದ್ದು ಕಾಣುತ್ತಾರೆ.

ಇನ್ನು ಮಾಡಬೇಕಾದದ್ದು. ಬಟ್ಟೆಯ ಬಿಲ್ಲಿನ ತಲೆಯಲ್ಲಿ ಅಂಗಡಿಯ ದೂರವಾಣಿ ಸಂಖ್ಯೆ ಇರುತ್ತದೆ. ಕರೆ ಮಾಡಿ ವ್ಯವಸ್ಥಾಪಕರನ್ನು ಕೇಳಿ, ದಿನಾಂಕವನ್ನೂ ಬಿಲ್ಲಿನ ಸಂಖ್ಯೆಯನ್ನೂ ತಿಳಿಸಿ, "ನಿಮ್ಮಲ್ಲಿ ಬಟ್ಟೆ ಕೊಂಡ ದಿನ ಒಂದು ಕೊಡೆ ಬಿಲ್ಲಿಗೆ ಬಾರದೆ ನನ್ನ ಜೊತೆ ಬಂದಿದೆ, ಅದರ ಹಣ ಕೊಡಬೇಕು" ಎನ್ನಿ. ಕ್ಷಮೆ ಕೇಳುವುದು ಒಂದು ಸಲ ಸಾಕು. ಹತ್ತು ಸಲ ಕೇಳಿದರೆ ಕೇಳುವವರಿಗೆ ಸುಮ್ಮಸುಮ್ಮನೆ ಅನುಮಾನ ಹುಟ್ಟುತ್ತದೆ. ನೇತಾಡುತ್ತಿರುವ ಚೀಟಿಯನ್ನು ಕತ್ತರಿಸಬೇಡಿ. ಅದರಲ್ಲಿರುವ ಬಾರ್‌ಕೋಡ್ ಓದಿಸಿ ಬಿಲ್ಲು ಮಾಡಿದರೇನೇ ಅಂಗಡಿಯ ಕಂಪ್ಯೂಟರಿನ ದಾಸ್ತಾನಿನಿಂದ ಒಂದು ಕೊಡೆ ಇಳಿಯುತ್ತದೆ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಕೊಡಬಹುದು, ಇಲ್ಲವೇ ಅವರು ಒಪ್ಪಿದರೆ ಮೊಬೈಲಿನಲ್ಲೇ ಹಣ ಕಳಿಸಿ ಬಿಲ್ಲಿನ ಚಿತ್ರ ತರಿಸಿಕೊಳ್ಳಬಹುದು. ಮಾಡಬಾರದ ಕೆಲಸವೆಂದರೆ, ಯಾರಿಗೂ ತಿಳಿಯದಂತೆ ಕೊಡೆಯನ್ನು ಮತ್ತೆ ಅದೇ ಸಾಲಿನಲ್ಲಿ ತೂಗುಹಾಕಿ ಬರುವುದು. ಮಳೆಯಲ್ಲಿ ನೆನೆದ ಕೊಡೆ ಹೊಸದರ ಬೆಲೆಗೆ ಇನ್ನೊಬ್ಬರ ಪಾಲಾಗುತ್ತದೆ. ಮೇಲಾಗಿ, ಒಳಗೆ ಒಯ್ಯುವಾಗ ಯಾರಾದರೂ ಹಿಡಿದು ಕೇಳಿದರೆ ಆಗ ವಿವರಿಸುವುದು ನಿಜಕ್ಕೂ ಕಷ್ಟ.

ಸೊಸೆಯವರ ಮಾತನ್ನು ತಳ್ಳಿಹಾಕಲಾರೆ, ಏಕೆಂದರೆ ಬಹುಮಂದಿ ಒಳ್ಳೆಯವರೂ ಹಾಗೆಯೇ ಯೋಚಿಸುತ್ತಾರೆ. ನಮ್ಮ ತಂದೆಯವರು ಗಾಂಧಿ ಬಜಾರಿನಲ್ಲಿ ಜಿನಸಿ ಅಂಗಡಿ ಇಟ್ಟಿದ್ದರು. ನೂರಕ್ಕೆ ಹತ್ತು ರೂಪಾಯಿ ಉಳಿಯುವ ವ್ಯಾಪಾರದಲ್ಲಿ ಐನೂರು ರೂಪಾಯಿಯ ಮಾಲು ಹೋದರೆ ಅದನ್ನು ತುಂಬಲು ಐದು ಸಾವಿರದ ವ್ಯಾಪಾರ ಆಗಬೇಕೆಂಬ ಲೆಕ್ಕವನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ, ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ. ದೊಡ್ಡ ಮಳಿಗೆಗೆ ಅದನ್ನು ತಾಳಿಕೊಳ್ಳುವ ಶಕ್ತಿ ಇದೆ ಎಂದೇ ಇಟ್ಟುಕೊಳ್ಳೋಣ. ದಾಸ್ತಾನು ಎಣಿಸುವ ದಿನ ಒಂದು ಕೊಡೆ ಕಡಿಮೆ ಬಿದ್ದರೆ ಉತ್ತರ ಹೇಳಬೇಕಾದವರು ಮಳಿಗೆಯ ಮಾಲೀಕರಲ್ಲ. ಆ ಸಾಲಿನ ಉಸ್ತುವಾರಿಗಿರುವ, ನಿಮ್ಮ ಸೊಸೆಯ ವಯಸ್ಸಿನ ಯಾರೋ ಒಬ್ಬ ಹುಡುಗಿ. ಮುಂದಿನ ಪತ್ರ ಓದಿದರೆ ಅವರಿಗೇ ತಿಳಿಯುತ್ತದೆ.

ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ. ಸಿಗಂದೂರಿನ ಚೌಡೇಶ್ವರಿ ಕಳ್ಳಕಾಕರಿಂದ ಕಾಯುವ ತಾಯಿಯೆಂದೇ ನಮ್ಮ ಸೀಮೆಯಲ್ಲಿ ಹೆಸರು. 'ಶ್ರೀದೇವಿಯ ಕಾವಲಿದೆ' ಎಂಬ ಫಲಕ ಎಷ್ಟು ತೋಟಗಳ ಬೇಲಿಯಲ್ಲಿಲ್ಲ! ಅಂಥ ತಾಯಿಯ ಹುಂಡಿಗೆ ಅಂಗಡಿಯವನ ಹಣವನ್ನು ಹಾಕಿದರೆ, ಅಂಗಡಿಯವನ ಲೆಕ್ಕದಲ್ಲಿ ಕೊಡೆ ಕಡಿಮೆಯಾಗಿಯೇ ಉಳಿಯುತ್ತದೆ. ಹರಕೆಯಿದ್ದರೆ ಅದನ್ನು ಬೇರೆಯಾಗಿ ಸಲ್ಲಿಸಲಿ.

ಹಣ ಕೊಡುವಾಗ ನಿಮ್ಮ ಹಳೆಯ ಕೊಡೆಯನ್ನು ಕೇಳಲು ಮರೆಯಬೇಡಿ. ಕಾವಲಿನವರ ಬಳಿ ಬಿಟ್ಟುಹೋದ ಕೊಡೆಗಳ ಕಂತೆಯೇ ಇರುತ್ತದೆ.

ಪ್ರಶ್ನೆ: ನಾನು ಶಿವಮೊಗ್ಗದ ಒಂದು ದಿನಸಿ ಮಳಿಗೆಯಲ್ಲಿ ಬಿಲ್ಲು ಮಾಡುವ ಕೆಲಸದಲ್ಲಿದ್ದೇನೆ. ಸಂಜೆಯ ನೂಕುನುಗ್ಗಲಿನಲ್ಲಿ ಒಬ್ಬ ಗಿರಾಕಿ ತಳ್ಳುಗಾಡಿಯ ಕೆಳತಟ್ಟಿನಲ್ಲಿ ಇಟ್ಟಿದ್ದ 26 ಕೆ.ಜಿ. ಅಕ್ಕಿ ಚೀಲ ನನಗೆ ಕಾಣಲಿಲ್ಲ, ಅವರೂ ಹೇಳಲಿಲ್ಲ. ರಾತ್ರಿ ಗೊತ್ತಾಯಿತು. ಮೇಲ್ವಿಚಾರಕರು ನನ್ನ ಸಂಬಳದಲ್ಲಿ 1,480 ರೂಪಾಯಿ ಹಿಡಿಯುವುದಾಗಿ ಹೇಳಿದ್ದಾರೆ. ಅವರಿಗೆ ಆ ಅಧಿಕಾರ ಇದೆಯೇ?
— ಓದುಗ, ಶಿವಮೊಗ್ಗ

ಉತ್ತರ: ಬಾಯಿಮಾತಿನಲ್ಲಿ ಹೇಳಿ ಹಿಡಿದುಕೊಳ್ಳುವ ಅಧಿಕಾರ ಇಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲಿಯೂ, ಅದರ ಸ್ಥಾನಕ್ಕೆಂದು ರೂಪಿಸಿದ 2019ರ ವೇತನ ಸಂಹಿತೆಯಲ್ಲಿಯೂ ನಿಯಮ ಒಂದೇ: ನೌಕರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ಮಾಲು ಅಥವಾ ಅವನು ಲೆಕ್ಕ ಕೊಡಬೇಕಾದ ಹಣ ಕಳೆದುಹೋಗಿ, ಆ ನಷ್ಟ ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ಕಡಿತ ಮಾಡಬಹುದು, ಅದು ನಷ್ಟದ ಮೊತ್ತವನ್ನು ಮೀರಬಾರದು, ಕಡಿತಕ್ಕೆ ಮೊದಲು ಅವನ ವಿವರಣೆಯನ್ನು ಕೇಳಲೇಬೇಕು. ಆದ್ದರಿಂದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ನಿಮ್ಮ ಉತ್ತರವನ್ನೂ ಬರವಣಿಗೆಯಲ್ಲೇ ಕೊಡಿ. ಬಿಲ್ಲು ಮಾಡುವವನ ಕಣ್ತಪ್ಪೂ ನಿರ್ಲಕ್ಷ್ಯವೇ ಎಂದು ಅವರು ವಾದಿಸಬಹುದು. ಆಗ, ಕುಳಿತ ಜಾಗದಿಂದ ಕೆಳತಟ್ಟು ಕಾಣುತ್ತದೆಯೇ, ಆ ಹೊತ್ತಿಗೆ ಸಾಲಿನಲ್ಲಿ ಎಷ್ಟು ಜನರಿದ್ದರು ಎಂಬುದು ನಿಮ್ಮ ಉತ್ತರದಲ್ಲಿರಲಿ. ಅಲ್ಲಿಗೂ ಬಗೆಹರಿಯದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿ ಇದೆ.

ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಆ ಗಿರಾಕಿಯನ್ನು ಹುಡುಕುತ್ತಿದ್ದೆ. ಬಿಲ್ಲಿಗೆ ಮೊಬೈಲ್ ಸಂಖ್ಯೆ ಪಡೆಯುವುದು ಇಂಥ ಮಳಿಗೆಗಳ ರೂಢಿ. ವ್ಯವಸ್ಥಾಪಕರೇ ಕರೆ ಮಾಡಿ, "ಕೆಳಗಿದ್ದ ಅಕ್ಕಿ ಚೀಲ ಬಿಲ್ಲಿಗೆ ಸೇರಿಸುವುದು ನಮ್ಮಿಂದ ತಪ್ಪಿಹೋಗಿದೆ, ಮುಂದಿನ ಸಲ ಬಂದಾಗ ಸೇರಿಸಿಕೊಳ್ಳಬಹುದೇ" ಎಂದು ಕೇಳಲಿ. ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ಮಾತು ತೆಗೆದರೆ, ನಿಜವಾಗಿ ಮರೆತವರಿಗೆ ಹಣ ಕೊಡುವುದು ಸುಲಭವಾಗುತ್ತದೆ. ಬೇಕೆಂದೇ ಸುಮ್ಮನಿದ್ದವರಿಗೂ ಮರ್ಯಾದೆಯಿಂದ ಕೊಡುವ ದಾರಿಯೊಂದು ಸಿಗುತ್ತದೆ.

ಗಿರಾಕಿಗಳಾದ ನಮಗೂ ಇದರಲ್ಲಿ ಕೆಲಸವಿದೆ. ಬಿಲ್ಲಿನ ಕೊನೆಯಲ್ಲಿ ಒಟ್ಟು ಎಷ್ಟು ವಸ್ತುಗಳೆಂದು ಅಚ್ಚಾಗಿರುತ್ತದೆ. ಹೆಚ್ಚು ಹಾಕಿದ್ದಾರೆಯೇ ಎಂದು ನೋಡಲು ನಾವು ಅದನ್ನು ಎಣಿಸುತ್ತೇವೆ, ಕಡಿಮೆ ಹಾಕಿದ್ದಾರೆಯೇ ಎಂದು ಎಣಿಸಿದವರನ್ನು ನಾನು ಕಂಡದ್ದು ಅಪರೂಪ.

ಪ್ರಶ್ನೆ: ಹೊಸನಗರದ ಕಡೆಯ ನಮ್ಮೂರಿನಲ್ಲಿ ಮಳೆ ಬಂದರೆ ನೆಟ್‌ವರ್ಕ್ ಇರುವುದಿಲ್ಲ. ಊರ ಅಂಗಡಿಯಲ್ಲಿ 860 ರೂಪಾಯಿಯ ಸಾಮಾನು ಕೊಂಡು ಮೊಬೈಲಿನಲ್ಲಿ ಹಣ ಕಳಿಸಿದೆ. ನನ್ನ ಖಾತೆಯಿಂದ ಹಣ ಹೋಯಿತು, ಅವರ ಪೆಟ್ಟಿಗೆ ಮಾತಾಡಲಿಲ್ಲ. "ಬರುತ್ತೆ ಬಿಡಿ, ಹೋಗಿ" ಎಂದರು. ನಾಲ್ಕು ದಿನದ ಮೇಲೆ ಹಣ ನನ್ನ ಖಾತೆಗೇ ವಾಪಸು ಬಂದಿದೆ. ಅಂಗಡಿಯವರು ಏನೂ ಕೇಳಿಲ್ಲ. ನಾನೇ ಹೋಗಿ ಹೇಳಬೇಕೇ?
— ಓದುಗ, ಹೊಸನಗರ ತಾಲ್ಲೂಕು

ಉತ್ತರ: ಹೇಳಬೇಕು, ಪ್ರಶ್ನೆ ಬರೆಯುವಾಗಲೇ ಉತ್ತರ ನಿಮಗೆ ಗೊತ್ತಿತ್ತೆಂದು ನನ್ನ ಊಹೆ. ಆದರೂ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಹಣ ವಾಪಸು ಬಂದದ್ದನ್ನು ಗಮನಿಸದವರು ಬಹಳ ಮಂದಿ ಇದ್ದಾರೆ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ಅಂಗಡಿಗೆ ಕಳಿಸಿದ ಹಣ ಗಿರಾಕಿಯ ಖಾತೆಯಿಂದ ಕಡಿತವಾಗಿಯೂ ಅಂಗಡಿಗೆ ಅದರ ಖಾತರಿ ತಲುಪದಿದ್ದರೆ, ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಅದು ತಾನಾಗಿ ಗಿರಾಕಿಗೆ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕು ಪರಿಹಾರ ಕೊಡಬೇಕು. ಅಂದರೆ ಅಂಥ ಹಣ ಗಾಳಿಯಲ್ಲಿ ಉಳಿಯುವುದಿಲ್ಲ. ಅದು ವಾಪಸು ಬಂದ ದಿನ, ಸಾಮಾನು ನಿಮ್ಮ ಮನೆಯಲ್ಲೂ ಹಣ ನಿಮ್ಮ ಖಾತೆಯಲ್ಲೂ ಇರುತ್ತದೆ. ಅಂಗಡಿಯವರಿಗೆ ಮಾತ್ರ ಇದು ತಿಳಿಯುವ ದಾರಿಯಿಲ್ಲ: ನಿಮ್ಮ ಖಾತೆಯ ಸಂದೇಶ ಬರುವುದು ನಿಮ್ಮ ಮೊಬೈಲಿಗೆ.

ಹೋಗುವಾಗ ನೋಟನ್ನೇ ಒಯ್ಯಿರಿ, ಅಂದೂ ಮಳೆ ಬರಬಹುದು.

ಅಂಗಡಿಯವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಅಡಿಕೆ ಮಾರಿ ಕೈಗೆ ಹಣ ಬಂದ ಮೇಲೆ ಚುಕ್ತಾ ಮಾಡುವ ವರ್ಷದ ಲೆಕ್ಕವನ್ನು ಮಲೆನಾಡಿನ ಅಂಗಡಿಗಳು ತಲೆಮಾರುಗಳ ಕಾಲ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟುಕೊಂಡು ನಡೆಸಿವೆ. ಪೆಟ್ಟಿಗೆ ಮಾತಾಡದ ದಿನ ಅದೇ ಪುಸ್ತಕ ತೆಗೆದು ಗಿರಾಕಿಯ ಹೆಸರು, ಮೊತ್ತ, ಹೊತ್ತು ಇಷ್ಟನ್ನು ಅವರ ಎದುರಿಗೇ ಬರೆದುಕೊಂಡರೆ ಯಾರಿಗೂ ಬೇಸರವಿರುವುದಿಲ್ಲ. 'ಬರುತ್ತೆ ಬಿಡಿ' ಎನ್ನುವ ದೊಡ್ಡ ಮನಸ್ಸಿಗೆ ನೆನಪಿನ ಶಕ್ತಿ ಕಡಿಮೆ.

ಪ್ರಶ್ನೆ: ಕೊಪ್ಪದಲ್ಲಿ ನಮ್ಮದು ಸಣ್ಣ ಅಂಗಡಿ. ನನಗೆ ಪಾಠ ಹೇಳಿದ ಮೇಷ್ಟ್ರು, ಈಗ 76 ವರ್ಷ, ದಿನವೂ ಬರುತ್ತಾರೆ. ಮೂರ್ನಾಲ್ಕು ತಿಂಗಳಿಂದ ಬಿಸ್ಕತ್ತು, ಸೋಪು, ಒಮ್ಮೊಮ್ಮೆ ಒಂದೇ ದಿನ ಎರಡು ಸಲ ಕಾಫಿಪುಡಿ ತೆಗೆದುಕೊಂಡು ಹಣ ಕೊಡದೆ ನಡೆದುಬಿಡುತ್ತಾರೆ. ಕೂಗಿ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಕೆಲಸದ ಹುಡುಗ ಇವರನ್ನು ಆಡಿಕೊಳ್ಳಲು ಶುರುಮಾಡಿದ್ದಾನೆ. ಏನು ಮಾಡಲಿ?
— ಓದುಗ, ಕೊಪ್ಪ

ಉತ್ತರ: ಕೂಗಿ ಕರೆಯದೇ ಇದ್ದದ್ದು ಒಳ್ಳೆಯದಾಯಿತು. ಆದರೆ ಗೌರವದಿಂದ ನೀವು ಸುಮ್ಮನಿದ್ದಷ್ಟು ದಿನವೂ ಅವರ ಮನೆಯವರಿಗೆ ತಿಳಿಯಬೇಕಾದ ಒಂದು ಸುದ್ದಿ ನಿಮ್ಮ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಒಂದೇ ದಿನ ಎರಡು ಸಲ ಕಾಫಿಪುಡಿ ಕೊಂಡರು ಎಂದು ಬರೆದಿದ್ದೀರಿ, ನನ್ನ ಕಣ್ಣಿಗೆ ಬಿದ್ದದ್ದು ಆ ಮಾತು. ಹಣ ಕೊಡದಿರುವುದಕ್ಕಿಂತ ಅದು ಹೆಚ್ಚಿನದನ್ನು ಹೇಳುತ್ತದೆ. ಮರೆವಿನ ಕಾಯಿಲೆ ಮನೆಯವರಿಗಿಂತ ಮೊದಲು ಅಂಗಡಿಯವರಿಗೆ, ಬಸ್ಸಿನ ಕಂಡಕ್ಟರಿಗೆ, ಬ್ಯಾಂಕಿನ ಗುಮಾಸ್ತರಿಗೆ ಕಾಣುವುದುಂಟು; ಲೆಕ್ಕ, ಹಣ, ಚಿಲ್ಲರೆ ಇವೇ ಮೊದಲು ಕೈಕೊಡುತ್ತವೆ. ಹಾಗೆಂದು ಎಲ್ಲ ಮರೆವೂ ವಾಸಿಯಾಗದ್ದೆಂದು ತಿಳಿಯಬೇಕಾಗಿಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ತೊಂದರೆ, ಕೆಲವು ಔಷಧಿಗಳು, ಮನಸ್ಸಿನ ಖಿನ್ನತೆ ಇವುಗಳಿಂದ ಬಂದ ಮರೆವು ಚಿಕಿತ್ಸೆಗೆ ಬಗ್ಗುತ್ತದೆ. ಬೇಗ ತೋರಿಸಿದಷ್ಟೂ ಒಳ್ಳೆಯದು ಎನ್ನುವುದು ಅದಕ್ಕೇ.

ಆದ್ದರಿಂದ ಮಗನೋ ಮಗಳೋ ಯಾರಿದ್ದಾರೆಯೋ ಅವರನ್ನು ಅಂಗಡಿಯಲ್ಲಲ್ಲದೆ ಬೇರೆ ಕಡೆ ಕಂಡು ಮಾತಾಡಿ. 'ನಿಮ್ಮ ತಂದೆ ಹಣ ಕೊಡುತ್ತಿಲ್ಲ' ಎಂದು ಆರಂಭಿಸಬೇಡಿ. "ಮೇಷ್ಟ್ರಿಗೆ ಈಚೆಗೆ ಮರೆವು ಹೆಚ್ಚಿದಂತೆ ಕಾಣುತ್ತದೆ, ನಿಮಗೂ ಹಾಗನ್ನಿಸಿದೆಯೇ" ಎಂದು ಕೇಳಿ. ಆಮೇಲೆ ಅವರ ಹೆಸರಿನಲ್ಲಿ ಒಂದು ಲೆಕ್ಕ ತೆರೆದು, ತಿಂಗಳಿಗೊಮ್ಮೆ ಮನೆಯವರು ಚುಕ್ತಾ ಮಾಡುವ ಏರ್ಪಾಡು ಮಾಡಿಕೊಳ್ಳಿ. ಮೇಷ್ಟ್ರು ಎಂದಿನಂತೆ ಬಂದು ಬೇಕಾದ್ದು ತೆಗೆದುಕೊಂಡು ಹೋಗಲಿ. ಎರಡನೆಯ ಕಾಫಿಪುಡಿಯನ್ನು ಸಂಜೆ ಮನೆಯವರು ವಾಪಸು ತಂದರೆ ನೀವು ತೆಗೆದುಕೊಳ್ಳುತ್ತೀರೆಂದು ನಂಬಿದ್ದೇನೆ. ಕೆಲಸದ ಹುಡುಗನಿಗೆ ಇವರು ಯಾರು, ನಿಮಗೆ ಏನು ಕಲಿಸಿದರು ಎಂಬುದನ್ನು ಹೇಳಿ. ಗದರುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ಬಿಲ್ಲು ಕೊಟ್ಟು ಹೊರಬರುವಾಗ ಬಾಗಿಲ ಯಂತ್ರ ಕೂಗಿತು. ಕಾವಲಿನವರು ಎಲ್ಲರೆದುರು ನನ್ನ ಚೀಲ ಸುರಿಯಲು ಹೇಳಿದರು. ಇದು ಸರಿಯೇ?
— ವಿದ್ಯಾರ್ಥಿನಿ, ಸಾಗರ

ಉತ್ತರ: ಯಂತ್ರ ಕೂಗಿದರೆ ಕಳ್ಳತನವೆಂದು ಅರ್ಥವಲ್ಲ. ಬಟ್ಟೆಗೆ ಚುಚ್ಚಿರುವ ಪ್ಲಾಸ್ಟಿಕ್ ಗುಂಡಿಯನ್ನು ಬಿಲ್ಲು ಮಾಡುವವರು ತೆಗೆಯಲು ಮರೆತರೆ, ಅಥವಾ ಅಂಟಿಸಿದ ತೆಳು ಪಟ್ಟಿಯನ್ನು ಮೇಜಿನ ಮೇಲಿನ ಸಾಧನದ ಮೇಲೆ ಆಡಿಸಿ ನಿಷ್ಕ್ರಿಯಗೊಳಿಸದಿದ್ದರೆ, ಹಣ ಕೊಟ್ಟ ವಸ್ತುವಿಗೂ ಅದು ಕೂಗುತ್ತದೆ. ನಿಂತು ಬಿಲ್ಲು ತೋರಿಸುವುದು ಸೌಜನ್ಯ, ಅಷ್ಟನ್ನು ಮಾಡಿ. ಆದರೆ ಅಂಗಡಿಯ ಕಾವಲುಗಾರನಿಗೆ ಪೊಲೀಸರಿಗಿರುವ ಶೋಧನೆಯ ಅಧಿಕಾರವಿಲ್ಲ, ಮತ್ತು ಹೋಗುವ ಹಕ್ಕಿರುವವರನ್ನು ಅಕ್ರಮವಾಗಿ ತಡೆಯುವುದು ನ್ಯಾಯ ಸಂಹಿತೆಯ 126ನೆಯ ಕಲಮಿನಂತೆ ಸ್ವತಃ ಅಪರಾಧ. ವ್ಯವಸ್ಥಾಪಕರನ್ನು ಕರೆಸಿ, ಒಳಗೆ ಕೂತು, ಮಹಿಳಾ ಸಿಬ್ಬಂದಿಯ ಎದುರು ಮಾತ್ರ ತೋರಿಸುತ್ತೇನೆ ಎನ್ನಿ. ಧ್ವನಿ ಏರಿಸುವ ಅಗತ್ಯವಿಲ್ಲ.

ಪ್ರಶ್ನೆ: 1994ರಲ್ಲಿ ಶಿವಮೊಗ್ಗದಲ್ಲಿ ಓದುತ್ತಿದ್ದಾಗ ಒಂದು ಪುಸ್ತಕದಂಗಡಿಯಲ್ಲಿ ನೋಟುಪುಸ್ತಕಗಳಿಗೆ ಹಣ ಕೊಟ್ಟು, ಅವುಗಳ ನಡುವೆ ಸಿಕ್ಕಿಕೊಂಡಿದ್ದ 85 ರೂಪಾಯಿಯ ನಿಘಂಟಿಗೆ ಕೊಡದೆ ಬಂದಿದ್ದೆ. ಕೋಣೆಗೆ ಬಂದ ಮೇಲೆ ಗೊತ್ತಾದರೂ ಹೋಗಲಿಲ್ಲ, ಆಗ ಕೈಯಲ್ಲಿ ಅಷ್ಟು ಹಣವೂ ಇರಲಿಲ್ಲ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು; ಅಲ್ಲೀಗ ಮೊಬೈಲ್ ಅಂಗಡಿಯಿದೆ. ಮಾಲೀಕರು ತೀರಿಕೊಂಡಿದ್ದಾರೆಂದು ಕೇಳಿದೆ. ಈಗ ಇದಕ್ಕೆ ಏನಾದರೂ ಅರ್ಥವಿದೆಯೇ?
— ಓದುಗ, ಭದ್ರಾವತಿ

ಉತ್ತರ: ಕಾನೂನಿನ ಭಯ ನಿಮಗೆ ಇಲ್ಲ. ಇಂಥ ಅಪರಾಧಗಳ ವಿಚಾರಣೆಗೆ ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 468ನೆಯ ಕಲಂ ಇಟ್ಟಿದ್ದ ಮಿತಿ ಮೂರು ವರ್ಷ. ಹಣಕ್ಕೆ ದಾವೆ ಹೂಡುವ ಅವಧಿಯೂ 1963ರ ಕಾಲಮಿತಿ ಕಾಯ್ದೆಯಂತೆ ಎಂದೋ ಮುಗಿದಿದೆ. ಆದರೆ ವಕೀಲರೆಲ್ಲರೂ ಕಲಿಯುವ ಒಂದು ಸೂಕ್ಷ್ಮ ಇಲ್ಲಿದೆ: ಅವಧಿ ಮೀರಿದರೆ ದಾವೆಯ ದಾರಿ ಮುಚ್ಚುತ್ತದೆ, ಸಾಲ ಸಾಯುವುದಿಲ್ಲ. ಅಂಥ ಸಾಲವನ್ನು ತೀರಿಸುತ್ತೇನೆಂದು ಬರೆದು ಸಹಿ ಹಾಕಿದರೆ 1872ರ ಕರಾರು ಕಾಯ್ದೆಯ 25ನೆಯ ಕಲಂ ಆ ಮಾತಿಗೆ ಮತ್ತೆ ಬಲ ಕೊಡುತ್ತದೆ. ಈ ಪತ್ರಕ್ಕೆ ನೀವು ಸಹಿ ಹಾಕಿದ್ದೀರಿ, ಆದರೆ ತೀರಿಸುತ್ತೇನೆ ಎಂದು ಮಾತ್ರ ಬರೆದಿಲ್ಲ.

ಮೊಬೈಲ್ ಅಂಗಡಿಯವರನ್ನು ಕೇಳಿದರೆ ಮಳಿಗೆಯನ್ನು ಯಾರಿಂದ ಬಾಡಿಗೆಗೆ ಪಡೆದರೆಂಬುದು ತಿಳಿಯುತ್ತದೆ, ಅಲ್ಲಿಂದ ಆ ಮನೆಯವರ ವಿಳಾಸ ದೂರವಿರುವುದಿಲ್ಲ. ಹೆಂಡತಿಯೋ ಮಕ್ಕಳೋ ಇದ್ದರೆ ಹೋಗಿ, ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿ ಕೊಡಿ. 85 ರೂಪಾಯಿಯನ್ನು ಕೊಡಬೇಡಿ, ಅದು ತಮಾಷೆಯಾಗಿ ಕಾಣುತ್ತದೆ. ಅಂಥ ನಿಘಂಟು ಇಂದು ಎಷ್ಟಕ್ಕೆ ಸಿಗುತ್ತದೆಯೋ ಅಷ್ಟು ಕೊಡಿ. ಅವರು ನಕ್ಕು ಬೇಡವೆಂದರೆ ಒತ್ತಾಯ ಮಾಡದೆ, ಆ ಅಂಗಡಿಯ ದಿನಗಳ ಬಗ್ಗೆ ಸ್ವಲ್ಪ ಹೊತ್ತು ಕೇಳಿಸಿಕೊಂಡು ಬನ್ನಿ. ನಿಘಂಟು ಇನ್ನೂ ನಿಮ್ಮ ಬಳಿ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಅದನ್ನೂ ಒಯ್ಯಿರಿ. ಒಳಪುಟದಲ್ಲಿ ಅಂಗಡಿಯ ರಬ್ಬರ್ ಮುದ್ರೆ ಇರಬಹುದು, ಅದು ಆ ಮನೆಯಲ್ಲಿ ಉಳಿದಿರಲಾರದು.